ಗರಡಿ ಮಣ್ಣಿನ ರುಚಿ

"ವಸ್ತಾದ್ರೇ, ಬರೋ ಸೋಮವಾರದಿಂದ ನಾನೇ ಒಂದು ಗರಡಿ ನಡೆಸ್ಬೇಕು. ಬಾಗಿಲಿಗೆ ಬಂದೋನು ಭಕ್ತಿಯಿಂದ ಬಂದವ್ನೋ, ಇನ್ಯಾತಕ್ಕೋ ಬಂದವ್ನೋ ಅಂತ ಹೆಂಗೆ ಕಂಡುಹಿಡೀಲಿ?"

ಶಿಷ್ಯ ಬೋರಲಿಂಗ ಹಿಂಗೆ ಕೇಳ್ದ. ವಸ್ತಾದ್ ಮರಿದಾಸಪ್ಪ ಶುರು ಮಾಡ್ದ.

ಕೂತ್ಕೋ. ಒಂದು ಕತೆ ಹೇಳ್ತೀನಿ. ಕತೆ ಅಂದ್ನಾ? ತಪ್ಪು. ನಡೆದಿದ್ದು ಇದು, ಒಂದೊಂದು ಮಾತೂ ನಡೆದಿದ್ದು. ಈ ನನ್ನ ಬಲತೋಳಿನ ಮೇಲಾಣೆ. ಮೂವತ್ತೊಂದು ಜನ ಪೈಲ್ವಾನರ ಬೆನ್ನಿಗೆ ನೆಲ ತೋರಿಸಿದ ತೋಳು ಕಣೋ ಇದು. ಇದ್ರ ಮೇಲೆ ಸುಳ್ಳಾಣೆ ಇಟ್ರೆ ನಾಳೆ ಅನ್ನ ಕಲಸೋಕೂ ಇದು ಏಳ್ಬಾರ್ದು.

ಒಬ್ಬ ವಸ್ತಾದ ಇದ್ದ. ಅವನಂಥೋನು ಸುತ್ತ ಹತ್ತೂರಲ್ಲಿ ಇರ್ಲಿಲ್ಲ. ಓದಿದ್ದು ಮೂರನೇ ಕ್ಲಾಸು. ಆದ್ರೆ ಒಬ್ಬ ಪೈಲ್ವಾನ ಬಾಗಿಲಿಂದ ಒಳಗೆ ನಡ್ಕೊಂಡು ಬರೋದು ನೋಡಿದ್ರೆ ಸಾಕು, ಇವನು ಎಷ್ಟು ಬಸ್ಕಿ ಹೊಡ್ದವ್ನೆ, ನೆನ್ನೆ ಏನ್ ತಿಂದವ್ನೆ, ಯಾವ ಮೊಣಕಾಲು ನೋಯ್ತಿದೆ, ಎಲ್ಲ ಹೇಳ್ಬಿಡೋನು. ಸುಳ್ಳು ಹೇಳಿ ಅವನ ಕಣ್ಣು ತಪ್ಪಿಸಿದೋರು ಯಾರೂ ಇಲ್ಲ.

ಅವನ ಪ್ರಾಣ ಎಲ್ಲ ಅಖಾಡದ ಮಣ್ಣಲ್ಲಿತ್ತು. ಕೆಂಪು ಮಣ್ಣನ್ನ ಮೂರು ಸಲ ಜರಡಿ ಹಿಡಿಸೋನು. ಅದಕ್ಕೆ ಎಳ್ಳೆಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಹಾಕಿ ತಾನೇ ತುಳಿಯೋನು. ಬೇರೆ ವಸ್ತಾದರು ಹದ ಬಂತಾ ಅಂತ ಕೈಲಿ ಹಿಸುಕಿ ನೋಡೋರು. ಇವನು ಒಂದು ಚಿಟಿಕೆ ನಾಲಿಗೆ ಮೇಲಿಟ್ಟು ನೋಡೋನು. ಹುಳಿ ಕಮ್ಮಿ ಅನ್ನಿಸಿದ್ರೆ ಮಜ್ಜಿಗೆ, ಒರಟು ಅನ್ನಿಸಿದ್ರೆ ಎಣ್ಣೆ. ಮಣ್ಣಿನ ರುಚಿ ಗೊತ್ತಿರೋನು ಭೂಮಿ ಮೇಲೆ ತಾನೊಬ್ನೇ ಅಂತ ಅವನಿಗೆ ಜಂಬ.

ಅದೇ ಬೀದೀಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಒಂದು ಕಾಲಕ್ಕೆ ನೂರ ನಲವತ್ತು ಕೇಜಿ ತೂಗ್ತಿದ್ದ ಆಳು. ಅಂಗಡಿ ಗಲ್ಲಾದಿಂದ ಎದ್ದೇಳೋಕೆ ಇಬ್ರು ಕೈ ಕೊಡ್ಬೇಕಾಗಿತ್ತು. ಕೊನೆಗೆ ದೊಡ್ಡಾಸ್ಪತ್ರೆಗೆ ಹೋಗಿ ತೂಕ ಇಳಿಸೋ ಆಪರೇಷನ್ ಮಾಡಿಸ್ಕೊಂಡ. ಡಾಕ್ಟ್ರು ಒಳಗಿನ ಹೊಟ್ಟೇನ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಉಳಿದಿದ್ದಕ್ಕೆ ಹೊಲಿಗೆ ಹಾಕಿ ಕಳಿಸಿದ್ರು. ಬಾಳೆಹಣ್ಣಿನಷ್ಟು ಹೊಟ್ಟೆ. ಜೀವ ಇರೋವರೆಗೂ ಕಬ್ಬಿಣದ ಮಾತ್ರೆ ನುಂಗ್ಬೇಕು, ಮೂರು ತಿಂಗಳಿಗೊಂದು ಸಲ ಬಂದು ರಕ್ತ ತೋರಿಸ್ಬೇಕು ಅಂತ ಹೇಳಿ ಕಳಿಸಿದ್ರು. ವರ್ಷ ತುಂಬೋದ್ರೊಳಗೆ ವ್ಯಾಪಾರಿ ಅರ್ಧಕ್ಕೆ ಇಳಿದ.

ಒಂದು ದಿನ ಬೆಳಿಗ್ಗೆ ವಸ್ತಾದ ಅಖಾಡಕ್ಕೆ ನೀರು ಚಿಮುಕಿಸ್ತಿದ್ದ. ಬೀದೀಲಿ ವಾಕಿಂಗ್ ಹೊರಟಿದ್ದ ವ್ಯಾಪಾರಿ ಗರಡಿ ಮುಂದೆ ನಿಂತ್ಬಿಟ್ಟ. ಚಪ್ಪಲಿ ಬಿಟ್ಟು ಒಳಗೆ ಬಂದ. ಅಖಾಡದ ಅಂಚಲ್ಲಿ ಕೂತು, ಮಣ್ಣು ಮುಟ್ಟಿ ಹಣೆಗಿಟ್ಕೊಂಡ. ಆಮೇಲೆ ಆ ಬೆರಳನ್ನ ಮೆಲ್ಲಗೆ ಬಾಯಿಗಿಟ್ಟು ಕಣ್ಣು ಮುಚ್ಚಿದ.

ಮೂಲೇಲಿ ಗದೆ ತಿರುಗಿಸ್ತಿದ್ದ ಪೈಲ್ವಾನ ಒಬ್ಬ ಕಿಚಾಯಿಸ್ದ. "ಏನಣ್ಣಾ, ಒಂಬತ್ತು ತಿಂಗಳ ಹೊಟ್ಟೆ ಇದ್ದಾಗ ಬರದೇ ಇದ್ದೋರು, ಹೆತ್ತು ಎದ್ಮೇಲೆ ಮಣ್ಣಿನ ಬಯಕೆ ತೀರಿಸ್ಕೊಳಕ್ಕೆ ಬಂದ್ರಾ?"

ವ್ಯಾಪಾರಿ ಮುಖ ಕೆಳಗೆ ಹಾಕ್ದ. ವಸ್ತಾದನಿಗೆ ರೇಗಿಹೋಯ್ತು.

"ಮುಚ್ಚೋ ಬಾಯಿ. ಎಂಟು ವರ್ಷದಿಂದ ಈ ಮಣ್ಣಲ್ಲಿ ಹೊರಳ್ತಿದೀಯ, ಒಂದು ದಿನ ಅದನ್ನ ನಾಲಿಗೆಗೆ ಮುಟ್ಟಿಸ್ದೋನಾ ನೀನು? ಸಾಹುಕಾರ್ರನ್ನ ನೋಡಿ ಕಲ್ತ್ಕೋ. ಹೆಂಗಿದೆ ಸಾಹುಕಾರ್ರೇ ರುಚಿ?"

"ಅಮೃತ ಇದ್ದಂಗಿದೆ ವಸ್ತಾದ್ರೇ," ಅಂದ ವ್ಯಾಪಾರಿ.

ಅಷ್ಟು ಸಾಕಾಯ್ತು. ವಸ್ತಾದನ ಎದೆ ಒಂದು ಗೇಣು ಉಬ್ತು. ಜೀವಮಾನದಲ್ಲಿ ಮೊದಲನೇ ಸಲ ಅವನ ಮಣ್ಣಿನ ರುಚಿ ಅರಿತೋನು ಒಬ್ಬ ಸಿಕ್ಕಿದ್ದ, ಅದೂ ಕುಸ್ತಿ ಗೊತ್ತಿಲ್ದೋನು, ದುಡ್ಡಿರೋನು.

ಅವತ್ತಿಂದ ವ್ಯಾಪಾರಿ ದಿನಾ ಬಂದ. ಮೊದಲು ಒಂದು ಚಿಟಿಕೆ ತಿಂತಿದ್ದ. ತಿಂಗಳಾದ್ಮೇಲೆ ಒಂದು ಹಿಡಿ ಕೈಲಿಟ್ಕೊಂಡು ಕೂರ್ತಿದ್ದ, ಎದ್ದು ಹೋಗುವಾಗ ಕೈ ಖಾಲಿ. ವಸ್ತಾದ ಅವನಿಗೋಸ್ಕರ ಮಜ್ಜಿಗೆ ಜಾಸ್ತಿ ಹಾಕಿ ಕಲಸಿದ. ಒಂದು ಪೊಟ್ಟಣ ಕಟ್ಟಿ ಮನೇಗೂ ಕೊಟ್ಟ. ಬಂದೋರ ಮುಂದೆಲ್ಲ ಹೇಳ್ಕೊಂಡ. "ಲಕ್ಷಾಂತರ ಖರ್ಚು ಮಾಡಿ ಹೊಟ್ಟೆ ಕೊಯ್ಸ್ಕೊಂಡೋನು. ಮೈಸೂರು ಪಾಕು ಕೊಟ್ರೆ ವಾಕರಿಸ್ತಾನೆ. ಬಿರಿಯಾನಿ ವಾಸ್ನೆಗೆ ಎದ್ದು ಓಡ್ತಾನೆ. ಅವನ ನಾಲಿಗೆಗೆ ಒಗ್ಗಿದ್ದು ಯಾವುದು? ನನ್ನ ಮಣ್ಣು!"

ಒಂದು ದಿನ ವ್ಯಾಪಾರಿ, ಹೊಟ್ಟೆ ಕಟ್ಕೊಂಡಂಗಾಗುತ್ತೆ, ಮಾತ್ರೆ ನುಂಗೋಕೆ ಆಗ್ತಿಲ್ಲ ಅಂದ. ವಸ್ತಾದ ನಕ್ಕ.

"ಯಾವ ಮಾತ್ರೆ?"

"ಕಬ್ಬಿಣದ್ದು. ರಕ್ತಕ್ಕೆ."

"ಬಿಸಾಕಿ ಅತ್ಲಾಗೆ. ಈ ಮಣ್ಣು ಯಾಕೆ ಕೆಂಪಗಿದೆ ಹೇಳಿ? ಕಬ್ಬಿಣ ಇರೋದ್ರಿಂದ. ನಾನು ಒಂದು ಮಾತ್ರೆ ನುಂಗ್ದೋನಲ್ಲ, ನೋಡಿ ಹೆಂಗಿದೀನಿ!" ಅಂತ ತೊಡೆ ತಟ್ಟಿ ತೋರಿಸ್ದ.

ವ್ಯಾಪಾರಿ ಆ ತೊಡೆ ನೋಡ್ದ. ಮಾತ್ರೆ ಬಿಟ್ಟ. ರಕ್ತ ತೋರಿಸೋಕೆ ಹೋಗೋದೂ ಬಿಟ್ಟ.

ಎರಡು ತಿಂಗಳಾದ್ಮೇಲೆ ವ್ಯಾಪಾರಿ ಹೆಂಡ್ತಿ ಗರಡಿಗೆ ಬಂದ್ಲು. ಹೆಂಗಸರು ಗರಡಿ ಹೊಸಿಲು ದಾಟಂಗಿಲ್ಲ ಅನ್ನೋದು ನಿನಗೆ ಗೊತ್ತು. ಆಯಮ್ಮ ಬೀದೀಲಿ ನಿಂತು ಕರೆದ್ಲು. ವಸ್ತಾದ ಎದ್ದು ಬಾಗಿಲವರೆಗೂ ಹೋಗ್ಲಿಲ್ಲ. ಕೂತ ಜಾಗದಿಂದ್ಲೇ, "ಏನಮ್ಮಾ? ಅಲ್ಲಿಂದ್ಲೇ ಹೇಳು," ಅಂದ. ಆಯಮ್ಮ ಮನೆ ಮಾತನ್ನ ಬೀದೀಲಿ ನಿಂತು ಕೂಗಿ ಹೇಳ್ಬೇಕಾಯ್ತು.

"ಅವರಿಗೆ ಮಣ್ಣು ಕೊಡ್ಬೇಡಿ ಅಣ್ಣಾ. ಮನೇಲೂ ಹಂಗೇ ಮಾಡ್ತವ್ರೆ. ಹಸಿ ಅಕ್ಕಿ ಮುಕ್ತಾರೆ, ಫ್ರಿಜ್ಜಿನ ಐಸು ಕಟಕಟ ಅಗೀತಾರೆ, ಗೋಡೆ ಸುಣ್ಣ ಕೆರೆದು ತಿಂತಾರೆ. ಅನ್ನ ಮಾತ್ರ ಬೇಡ. ಆಪರೇಷನ್ ಆದ್ಮೇಲೆ ರಕ್ತ ಕಮ್ಮಿಯಾದ್ರೆ ಇಂಥ ಬಯಕೆ ಹುಟ್ಟುತ್ತಂತೆ, ಅದು ಕಾಯಿಲೆಯಂತೆ, ಡಾಕ್ಟ್ರು ಫೋನಲ್ಲಿ ಹೇಳಿದ್ರು. ಕರ್ಕೊಂಡು ಬನ್ನಿ ಅಂದ್ರು. ನಾನು ಹೇಳಿದ್ರೆ ಬರಲ್ಲ ಅಂತಾರೆ. ನೀವೊಂದು ಮಾತು ಹೇಳಿ ಅಣ್ಣಾ, ನಿಮ್ಮ ಮಾತು ಕೇಳ್ತಾರೆ."

ವಸ್ತಾದನಿಗೆ ಆ ಮಾತಲ್ಲಿ ಕೇಳಿಸಿದ್ದು ಒಂದೇ. ತನ್ನ ಮಣ್ಣನ್ನ ಗೋಡೆ ಸುಣ್ಣದ ಪಕ್ಕ ಇಟ್ಟು ಮಾತಾಡಿದ್ಲು ಅಂತ.

"ನೋಡಮ್ಮಾ, ನನ್ನ ಮಣ್ಣು ತಿಂದು ಕೆಟ್ಟೋರು ಯಾರೂ ಇಲ್ಲ. ನಿನ್ನ ಅಡುಗೆ ರುಚಿ ಇದ್ದಿದ್ರೆ ಅವ್ರು ಸುಣ್ಣ ಯಾಕೆ ತಿಂತಿದ್ರು? ಮನೆಗೆ ಹೋಗು."

ಒಳಗಿದ್ದ ಪೈಲ್ವಾನರು ನಕ್ರು. ಆಯಮ್ಮ ಹೋದ್ಲು.

ಮಾರನೇ ದಿನ ವ್ಯಾಪಾರಿ ಬಂದಾಗ ವಸ್ತಾದ ಈ ಮಾತು ಎತ್ತಿ ನಕ್ಕ. ವ್ಯಾಪಾರಿ ನಗ್ಲಿಲ್ಲ. ಸುತ್ತ ಯಾರೂ ಇಲ್ಲ ಅಂತ ನೋಡ್ಕೊಂಡು, ಸಣ್ಣ ದನೀಲಿ ಅಂದ.

"ನಿಮ್ಮ ಹತ್ರ ನಿಜ ಹೇಳ್ತೀನಿ ವಸ್ತಾದ್ರೇ. ನಂಗೆ ಭಕ್ತಿ ಗಿಕ್ತಿ ಏನಿಲ್ಲ. ಬಾಯಿ ತಡಿಯಲ್ಲ. ಕನಸಲ್ಲೂ ಮಣ್ಣೇ ಬರುತ್ತೆ. ಅಂಗಡೀಲಿ ಕೂತಿರ್ತೀನಿ, ಕುಂಡದಲ್ಲಿರೋ ಮಣ್ಣು ನೋಡಿದ್ರೆ ಬಾಯಲ್ಲಿ ನೀರು ಬರುತ್ತೆ. ನಂಗೆ ಭಯ ಆಗ್ತಿದೆ."

ವಸ್ತಾದ ಅವನ ಬೆನ್ನ ಮೇಲೆ ಕೈಯಿಟ್ಟ.

"ಸಾಹುಕಾರ್ರೇ, ಅದಕ್ಕೇ ಕಣ್ರೀ ಭಕ್ತಿ ಅನ್ನೋದು. ನಿಮಗೆ ಗೊತ್ತಾಗ್ತಿಲ್ಲ, ನನಗೆ ಗೊತ್ತಾಗುತ್ತೆ."

ಅಷ್ಟು ಹೇಳಿ ಗರಡಿ ಬೀಗದ ಕೈ ತೆಗೆದು ಅವನ ಕೈಗಿಟ್ಟ. ಇಪ್ಪತ್ತು ವರ್ಷ ದುಡಿದ ಪೈಲ್ವಾನರಿಗೂ ಕೊಡದೇ ಇದ್ದ ಬೀಗದ ಕೈ ಅದು. "ನಾನು ಬರೋ ಮುಂಚೆ ಬಂದು ಬಾಗಿಲು ತೆಗೆದು ದೀಪ ಹಚ್ಚಿ," ಅಂದ. ವ್ಯಾಪಾರಿ ಆ ಬೀಗದ ಕೈಯನ್ನ ಬಹಳ ಹೊತ್ತು ನೋಡ್ತಾ ಕೂತ. ಆಮೇಲೆ ಜೇಬಿಗೆ ಹಾಕ್ಕೊಂಡ.

ಮುಂದೆ ಅವನು ಬಿಳಿಚಿಕೊಂಡ. ವಸ್ತಾದ, ಮೈಗೆ ಬಣ್ಣ ಬಂತು ಅಂದ. ಉಗುರು ಚಮಚದ ಥರ ಮೇಲಕ್ಕೆ ಬಾಗಿದ್ವು. ವಸ್ತಾದ ನೋಡ್ಲಿಲ್ಲ. ಗರಡಿಗೆ ಇದ್ದಿದ್ದು ಮೂರು ಮೆಟ್ಲು. ಅದನ್ನ ಹತ್ತಿ ಬಂದು ವ್ಯಾಪಾರಿ ಗೋಡೆ ಹಿಡಿದು ಏದುಸಿರು ಬಿಡೋನು. ವಸ್ತಾದ, ಆಸೆ ಹೆಚ್ಚಾಗಿ ಓಡ್ಕೊಂಡು ಬಂದವ್ನೆ ಅಂತ ಅಂದ್ಕೊಳ್ಳೋನು. ಪೈಲ್ವಾನನ ನಡಿಗೆ ನೋಡಿ ಮೊಣಕಾಲು ನೋವು ಹೇಳ್ತಿದ್ದ ಕಣ್ಣು ಅದೇ ಕಣೋ. ಬೇರೆ ಕಣ್ಣಲ್ಲ.

ಒಂದು ದಿನ ಬೆಳಿಗ್ಗೆ ವಸ್ತಾದ ಬಂದಾಗ ಬಾಗಿಲು ತೆಗೆದಿತ್ತು. ದೀಪ ಹಚ್ಚಿತ್ತು. ವ್ಯಾಪಾರಿ ಅಖಾಡದ ನಡುವೆ ಬೋರಲು ಮಲಗಿದ್ದ. ಎರಡೂ ಕೈ ಮುಂದಕ್ಕೆ ಚಾಚಿತ್ತು. ಮುಖ ಮಣ್ಣಲ್ಲಿತ್ತು.

ಸಾಷ್ಟಾಂಗ ಹಾಕವ್ನೆ ಅಂತ ವಸ್ತಾದನಿಗೆ ಅನ್ನಿಸ್ತು.

ಅವನ ಕಣ್ಣು ತುಂಬ್ತು. ಇಂಥ ಭಕ್ತನ್ನ ಎಬ್ಬಿಸ್ಬಾರ್ದು ಅಂತ ಅಂಚಲ್ಲೇ ಕೈ ಮುಗಿದು ನಿಂತ. ಪೈಲ್ವಾನರು ಒಬ್ಬೊಬ್ರೇ ಬಂದ್ರು. ಒಬ್ಬ ಬಾಯಿ ತೆಗೆಯೋಕೆ ಹೋದ. ವಸ್ತಾದ ತುಟಿ ಮೇಲೆ ಬೆರಳಿಟ್ಟು, "ಶ್, ಪೂಜೇಲವ್ರೆ," ಅಂದ. ಎಲ್ರೂ ಕೈ ಮುಗಿದು ನಿಂತ್ರು. ನೂರು ಬಸ್ಕಿ ಹೊಡೆಯೋಷ್ಟು ಹೊತ್ತು ಹಂಗೇ ನಿಂತಿದ್ರು.

ಆಮೇಲೆ ಅದೇ ಕಿಚಾಯಿಸೋ ಪೈಲ್ವಾನ, ಉಸಿರಿಗೆ ಬೆನ್ನು ಆಡ್ತಾ ಇಲ್ಲ ಅಂದ.

ಮಗುಚಿ ಹಾಕಿದ್ರು. ಬಾಯ್ತುಂಬ ಮಣ್ಣು. ಮೈ ಇನ್ನೂ ಬೆಚ್ಚಗಿತ್ತು. ಹೊತ್ಕೊಂಡು ಆಸ್ಪತ್ರೆಗೆ ಓಡಿದ್ರು. ಅಲ್ಲಿ ಡಾಕ್ಟ್ರು ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ರಕ್ತ ನೀರಾಗಿದೆ, ಎದೆ ನಿಂತಿದೆ ಅಂದ್ರು. "ಒಂದು ಕಾಲು ಗಂಟೆ ಮುಂಚೆ ತಂದಿದ್ರೂ ಏನಾದ್ರೂ ನೋಡ್ಬಹುದಿತ್ತು. ಬಿದ್ದಾಗ ಹತ್ರ ಯಾರೂ ಇರ್ಲಿಲ್ವಾ?"

ಏಳು ಜನ ಪೈಲ್ವಾನರು, ಒಬ್ಬ ವಸ್ತಾದ.

ಹೆಣವನ್ನ ಮನೆಗೆ ತಗೊಂಡು ಹೋದ್ರು. ಅದನ್ನ ಮಲಗಿಸಿ ಎಲ್ರೂ ಹೊರಗೆ ನಿಂತ್ರು. ಆಯಮ್ಮ ಅಳ್ಲಿಲ್ಲ. ಒಂದು ಚೊಂಬು ನೀರು ತಂದು, ಬೆರಳಿಗೆ ಸೆರಗು ಸುತ್ಕೊಂಡು, ಗಂಡನ ಬಾಯೊಳಗೆ ಉಳಿದಿದ್ದ ಮಣ್ಣನ್ನ ಒರೆಸಿ ಒರೆಸಿ ತೆಗೆದ್ಲು. ಹಲ್ಲಿನ ಸಂದಿಯಿಂದಾನೂ ತೆಗೆದ್ಲು. ವಸ್ತಾದ ಬಾಗಿಲಾಚೆ ನಿಂತಿದ್ದ. ಒಳಗೆ ಬಾ ಅಂತ ಯಾರೂ ಕರೀಲಿಲ್ಲ. ಆಯಮ್ಮ ತಲೆಯೆತ್ತಿ ಒಂದು ಸಲ ಅವನನ್ನ ನೋಡಿದ್ಲು.

"ಏನಣ್ಣಾ? ಅಲ್ಲಿಂದ್ಲೇ ಹೇಳು," ಅಂದ್ಲು.

ವಸ್ತಾದ ಅಲ್ಲಿಂದ್ಲೇ ತಿರುಗಿ ಗರಡಿಗೆ ನಡೆದ.

ಇಷ್ಟು ಹೇಳಿ ಮರಿದಾಸಪ್ಪ ಕತೆ ನಿಲ್ಲಿಸ್ದ. ಬೋರಲಿಂಗ ಕಾದ. ಇನ್ನೂ ಇದೆ ಅಂತ ಅಂದ್ಕೊಂಡಿದ್ದ. ಕೊನೆಗೆ ತಾನೇ ಕೇಳ್ದ.

"ಆಮೇಲೆ ಆ ವಸ್ತಾದ ಏನ್ ಮಾಡ್ದ?"

"ತಪ್ಪೆಲ್ಲ ಮಣ್ಣಿಂದೇ ಅಂತ ಅಖಾಡ ಪೂರಾ ಬಗೆಸಿ ಆಚೆ ಸುರಿಸ್ದೆ, ಹೊಸ ಮಣ್ಣು ತುಂಬಿಸ್ದೆ, ನಂಗೆ ಬಿದ್ದ ಲುಕ್ಸಾನು ಹನ್ನೊಂದು ಸಾವಿರದ ನಾನೂರ ಅರವತ್ತು ರೂಪಾಯಿ."