ಹೊಸದನ್ನು ಎತ್ತಿಟ್ಟ ಗುರುಮಲ್ಲ

ಕೇಳುವವರಿಗೆ ಬಿಡುವಿದ್ದರೆ ಹೇಳುವುದಕ್ಕೆ ಗುರುಮಲ್ಲನ ಕತೆ ಇದೆ.

ಗುಂಡ್ಲುಪೇಟೆ ಕಡೆಯ ಒಂದೂರಿನಲ್ಲಿ ಚನ್ನಾಜಮ್ಮ ಅಂತ ಒಬ್ಬಳು. ಗಂಡ ತೀರಿಹೋಗಿದ್ದ. ಮಗಳು ಸರ್ವಮಂಗಳ ಚುರುಕು. ಮಗ ಗುರುಮಲ್ಲ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಹೇಳಿದ ಹಾಗೆ ಕೇಳುವ ಮಗ ಹುಟ್ಟಲಿ ಎಂದು ಊರವರೆಲ್ಲ ಹರಕೆ ಹೊರುತ್ತಿದ್ದರು. ಹುಟ್ಟಿದ್ದು ಚನ್ನಾಜಮ್ಮನಿಗೊಬ್ಬಳಿಗೇ. ಅವಳು ದಿನಾ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆ ವರ್ಷ ಮಗಳಿಗೆ ಮದುವೆಯಾದ ಮೇಲಿನ ಮೊದಲ ದೀಪಾವಳಿ. ಹೊಸ ಅಳಿಯನನ್ನು ಕರೆಸಿ, ಎಣ್ಣೆ ಒತ್ತಿ, ನೀರು ಹಾಕಿ, ಹೊಸಬಟ್ಟೆ ಕೊಡಬೇಕು. "ಮೊದಲ ಹಬ್ಬದಲ್ಲಿ ಗೊತ್ತಾಗ್ತದೆ, ಮನೆ ಎಂಥದ್ದು ಅಂತ" ಎಂದು ಬೀಗಿತ್ತಿ ಮದುವೆ ಚಪ್ಪರದಲ್ಲೇ ಅಂದಿದ್ದಳು. ಆ ಮಾತು ಚನ್ನಾಜಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ನಿಂತಿತ್ತು. ಮರ್ಯಾದೆ ಕಮ್ಮಿಯಾದರೆ ಮಗಳು ಅತ್ತೆಮನೆಯಲ್ಲಿ ಜನ್ಮವಿಡೀ ಮಾತು ಕೇಳಬೇಕು. ಮರ್ಯಾದೆ ಜಾಸ್ತಿಯಾದರೆ ಕಾಸು ಬಚ್ಚಿಟ್ಟ ತನ್ನ ಸಾಸಿವೆ ಡಬ್ಬಿ ಬರಿದಾಗಬೇಕು.

ಹಬ್ಬಕ್ಕೆ ಮುಂಚೆಯೇ ಬಂದ ಸರ್ವಮಂಗಳ ಮೊಬೈಲು ಹಿಡಿದು ಕೂತಳು. "ಅವ್ವ, ಪೇಟೇಲಿ ಎಲ್ಲೆಲ್ಲೂ ಆಫರು ಕಣವ್ವ. ಊರಿಗೂರೇ ಮುಗಿಬಿದ್ದದೆ. ಈಗ ತಗೊಳ್ಳದಿದ್ರೆ ಯಾವಾಗ?"

"ಬೇಕಾದಾಗ," ಅಂದಳು ಚನ್ನಾಜಮ್ಮ. "ನನ್ನ ಮದುವೆ ಸೀರೆ ಇನ್ನೂ ಮಡಿಕೆ ಬಿಚ್ಚಿಲ್ಲ. ನೀವು ತಂದಿದ್ದು ತಂದ ದಿನವೇ ಹರಿದಿರುತ್ತೆ."

"ಮಡಿಸಿಟ್ಟಿದ್ದು ಇಲಿಗೆ ಕಣವ್ವ, ಉಟ್ಟಿದ್ದು ನಮಗೆ!"

ಇಬ್ಬರೂ ಬಗ್ಗಲಿಲ್ಲ. ಪೇಟೆಗೆ ಹೋಗಲು ಮಿಕ್ಕವನು ಗುರುಮಲ್ಲ.

"ಲೋ ಮಲ್ಲ, ಭಾವನಿಗೆ ಒಂದು ರೇಷ್ಮೆ ಅಂಚಿನ ಪಂಚೆ ತಾ. ಕೇಳಿದ ಬೆಲೆ ಕೊಟ್ಟುಬಿಟ್ಟೀಯ! ಏನು ಹೇಳಿದರೂ ಅರ್ಧಕ್ಕೆ ಕೇಳು. ಅರ್ಧದ ಮೇಲೆ ಕಾಸು ಬಿಚ್ಚಬೇಡ."

"ಆಯ್ತವ್ವ."

ಹೋದ. ಅಂಗಡಿಯವನು ಬೆಲೆ ಹೇಳಿದ. ಗುರುಮಲ್ಲ, "ಅರ್ಧ" ಅಂದ. ಅಂಗಡಿಯವನು ಸ್ವಲ್ಪ ಇಳಿಸಿದ. "ಅರ್ಧ" ಅಂದ. ಇನ್ನಷ್ಟು ಇಳಿಸಿದ. "ಅರ್ಧ" ಅಂದ. ಹಿಂದೆ ಗಿರಾಕಿಗಳು ಒಬ್ಬರ ಹೆಗಲ ಮೇಲೊಬ್ಬರು. ಅಂಗಡಿಯವನಿಗೆ ತಲೆಕೆಟ್ಟಿತು. "ಅರ್ಧ ದುಡ್ಡಿಗೆ ಅರ್ಧ ಪಂಚೆ ಬರುತ್ತೆ ಕಣಪ್ಪ, ಬೇಕಾ?"

"ಬೇಕು!"

ಕತ್ತರಿ ಆಡಿತು. ಗುರುಮಲ್ಲ ಅರ್ಧ ಪಂಚೆಯನ್ನು ಕಂಕುಳಲ್ಲಿ ಅವುಚಿಕೊಂಡು ಬಂದ.

ಸರ್ವಮಂಗಳ ಬಿಚ್ಚಿ ನೋಡಿದಳು. ಮಂಡಿ ದಾಟದ ಪಂಚೆ! "ಅಯ್ಯೋ ಗೂಬೆ! ಇದನ್ನ ಉಟ್ಟು ನನ್ನ ಗಂಡ ಕೆರೆಗಿಳಿಯಬೇಕಾ? ಎಲ್ಲ ನಿನ್ನಿಂದ ಕಣವ್ವ! ಲೋ, ಇನ್ನು ಮೇಲೆ ಚೌಕಾಸಿ ಅಂದ್ರೆ ನೋಡು. ಹಬ್ಬದಲ್ಲಿ ಎದುರಿನವರು ಏನು ಹೇಳ್ತಾರೋ ಅದಕ್ಕೆ ತುಟಿ ಪಿಟಕ್ಕೆನ್ನದೆ ಒಪ್ಪಿಕೊ. ಕೊಡು ಅಂದಷ್ಟು ಕೊಡು!"

"ಆಯ್ತಕ್ಕ."

ಚನ್ನಾಜಮ್ಮ ಹಿತ್ತಿಲಲ್ಲಿ ಚೆಂಡುಹೂ ಹಾಕಿದ್ದಳು. ಅದನ್ನು ಮಾರಿದರೆ ಹಬ್ಬದ ಖರ್ಚು ಅರ್ಧ ನೀಗುತ್ತದೆ ಅನ್ನುವುದು ಅವಳ ಲೆಕ್ಕ. ಮುಂಜಾನೆ ಕುಯ್ದು, ಮಂಕರಿ ತುಂಬಿ, ಮಗನ ತಲೆಗೆ ಹೊರಿಸಿ ಕಳಿಸಿದಳು.

ಪೇಟೆ ಬೀದಿಯಲ್ಲಿ ಗುರುಮಲ್ಲ ಮಂಕರಿ ಇಳಿಸಿ ಕೂತ. ಒಬ್ಬಳು ದಪ್ಪ ಹೆಂಗಸು ಬಂದಳು. ಹೂ ಎತ್ತಿದಳು, ಮೂಸಿದಳು, ಮುಖ ಸಿಂಡರಿಸಿದಳು.

"ಎಷ್ಟಪ್ಪ?"

ಗುರುಮಲ್ಲ ತುಟಿ ಬಿಚ್ಚಲಿಲ್ಲ. ಅಕ್ಕ ಹೇಳಿದ್ದಾಳೆ!

"ಮೂಗನೇನಯ್ಯ? ಹೋಗಲಿ, ಮಂಕರಿಗೆ ಐವತ್ತು ಕೊಡ್ತೀನಿ."

ಗುರುಮಲ್ಲ ತಲೆಯಾಡಿಸಿದ. ಹೆಂಗಸಿಗೆ ಅನುಮಾನ ಬಂತು. ಇಷ್ಟು ಬೇಗ ಒಪ್ಪಬೇಕಾದರೆ ಹೂವಿನಲ್ಲಿ ಏನೋ ಐಬಿರಬೇಕು! "ತಡಿ, ಇಪ್ಪತ್ತು." ತಲೆಯಾಡಿಸಿದ. "ಐದು?" ತಲೆಯಾಡಿಸಿದ. ಹೆಂಗಸಿಗೆ ಸಿಟ್ಟೇ ಬಂತು. "ಬಾಡಿದ ಹೂವ ನನ್ನ ತಲೆಗೆ ಕಟ್ಟಕ್ಕೆ ನೋಡ್ತೀಯ? ಇದನ್ನ ಇಲ್ಲಿಂದ ಸಾಗಿಸಬೇಕು ಅಂದ್ರೆ ನೀನೇ ನನಗೆ ಐವತ್ತು ಕೊಡಬೇಕು!"

ಗುರುಮಲ್ಲ ಜೇಬಿಗೆ ಕೈಹಾಕಿ, ಬಸ್ಸಿಗೆಂದು ಅವ್ವ ಕೊಟ್ಟಿದ್ದ ಐವತ್ತನ್ನು ತೆಗೆದು ಕೊಟ್ಟ. ಹೂವನ್ನೂ ಕೊಟ್ಟ. ಮಂಕರಿಯನ್ನೂ ಕೊಟ್ಟ. ನಡೆದುಕೊಂಡು ಮನೆಗೆ ಬಂದ.

"ಹೂ ಎಲ್ಲಿ?"

"ಕೊಟ್ಟೆ."

"ದುಡ್ಡೆಲ್ಲಿ?"

"ಅದನ್ನೂ ಕೊಟ್ಟೆ."

ಚನ್ನಾಜಮ್ಮ ಜಗಲಿಯ ಮೇಲೆ ಕುಸಿದು ಕೂತಳು. "ನೀರು ಹೊತ್ತು ಬೆಳೆಸಿದ ಹೂವಲ್ಲೋ ಮೂದೇವಿ! ಮಾರಕ್ಕೆ ಹೋದವನು ಯಾವನಾದ್ರೂ ದುಡ್ಡು ಕೊಟ್ಟು ಬರ್ತಾನೇನೋ! ಇವಳ ಮಾತು ಕಟ್ಕೊಂಡು ಹಾಳಾದೆ. ಇಲ್ಲಿ ಕೇಳು. ಕೈಗೆ ಬಂದಿದ್ದನ್ನ ಗಟ್ಟಿಯಾಗಿ ಹಿಡ್ಕೊ. ಯಾವನು ಕಾಸು ಕೇಳಿದರೂ 'ಇಲ್ಲ' ಅನ್ನು. ಎದೆ ಸೆಟೆಸಿ ಅನ್ನು!"

"ಆಯ್ತವ್ವ."

ಮಾರನೇ ದಿನ ತುಪ್ಪಕ್ಕೆ ಹೋದ. ಅಂಗಡಿಯವನು ತೂಗಿ ಕೈಗೆ ಕೊಟ್ಟ. ಗುರುಮಲ್ಲ ಗಟ್ಟಿಯಾಗಿ ಹಿಡಿದುಕೊಂಡ.

"ದುಡ್ಡು?"

ಎದೆ ಸೆಟೆಸಿದ. "ಇಲ್ಲ!"

"ಜೇಬಲ್ಲಿ ಕಾಣ್ತಾ ಇದೆಯಲ್ಲೋ!"

"ಇಲ್ಲ!"

ನಾಲ್ಕು ಜನ ಸೇರಿ ತುಪ್ಪ ಬಿಡಿಸಿಕೊಂಡರು. ಎಳೆದಾಟದಲ್ಲಿ ಅಂಗಿ ಅಂಗಡಿಯಲ್ಲೇ ಉಳಿಯಿತು. ಬರೀ ಮೈಯಲ್ಲಿ, ಎದೆ ಸೆಟೆಸಿಕೊಂಡೇ ಬಂದ.

ಸರ್ವಮಂಗಳಳಿಗೆ ಅಳುವೇ ಬಂತು. "ಹಬ್ಬ ನಾಳಿದ್ದು. ತುಪ್ಪ ಇಲ್ಲ, ಪಂಚೆ ಇಲ್ಲ. ನಮ್ಮತ್ತೆ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ?" ಮಗಳ ಕಣ್ಣೀರು ಕಂಡು ಚನ್ನಾಜಮ್ಮ ಒಳಗೆ ಹೋಗಿ ಸಾಸಿವೆ ಡಬ್ಬಿಯನ್ನೇ ತಂದು ಮಗಳ ಮಡಿಲಲ್ಲಿಟ್ಟಳು. ಸರ್ವಮಂಗಳ ಅದನ್ನು ತಮ್ಮನ ಕೈಗಿಟ್ಟಳು. "ಪಂಚೆ, ಎಣ್ಣೆ, ತುಪ್ಪ. ಮೂರೇ. ದುಡ್ಡು ಕೊಟ್ಟು ತಾ. ಜೊತೆಗೆ ಏನಾದ್ರೂ ಫ್ರೀ ಅಂದ್ರೆ ಬಿಡಬೇಡ!"

"ಆಯ್ತಕ್ಕ."

ಅಂದು ಅವನು ಎತ್ತಿನಗಾಡಿ ಮಾಡಿಕೊಂಡು ಬಂದ. ಪಂಚೆ, ಎಣ್ಣೆ, ತುಪ್ಪ, ಮೂರೂ ಇದ್ದವು. ಸೊಳ್ಳೆಪರದೆ ಫ್ರೀ ಅಂತ ಮಂಚ. ಸೌಟು ಫ್ರೀ ಅಂತ ಕುಕ್ಕರು. ಗಿಲಕಿ ಫ್ರೀ ಅಂತ ತೊಟ್ಟಿಲು. ಬೀಗ ಫ್ರೀ ಅಂತ ಪೆಟ್ಟಿಗೆ. ಸಾಸಿವೆ ಡಬ್ಬಿಯಲ್ಲಿ ಸಾಸಿವೆಯೂ ಇರಲಿಲ್ಲ.

ತೊಟ್ಟಿಲು ಕಂಡು ಸರ್ವಮಂಗಳ ನಾಚಿ ಒಳಗೆ ಓಡಿದಳು. ಚನ್ನಾಜಮ್ಮ ಬರಿದಾದ ಡಬ್ಬಿಯನ್ನು ಬೋರಲು ಹಾಕಿ ನೋಡಿದಳು. ಆಮೇಲೆ ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದಳು.

"ಮಲ್ಲ. ಎಣ್ಣೆ, ತುಪ್ಪ ಅಡುಗೆಮನೇಲಿಡು. ಮಿಕ್ಕ ಹೊಸದನ್ನೆಲ್ಲ ಕೋಣೆಗೆ ಹಾಕಿ, ನುಸಿಗುಳಿಗೆ ಇಟ್ಟು, ಬೀಗ ಜಡಿ. ಈ ಮನೇಲಿ ಹಳೇದು ಇರುವ ತನಕ ಹೊಸದನ್ನ ಮುಟ್ಟಬಾರದು. ಹಬ್ಬಕ್ಕೆ ಇನ್ನೇನು ಹೊಸದು ಬಂದರೂ ಸೀದಾ ಕೋಣೆಗೆ! ಯುಗಾದಿಗೆ ತೆಗೆಯೋಣ. ಬೀಗದ ಕೈ ನಿನ್ನ ಉಡಿದಾರಕ್ಕೆ ಕಟ್ಕೊ. ನಿಮ್ಮಕ್ಕ ಅತ್ತರೂ ಕೊಡಬೇಡ. ಇವತ್ತು ಅವಳು ಅತ್ತಿದ್ದಕ್ಕೇ ಕೆಟ್ಟೆ. ನಾಳೆ ನಾನೇ ಮನಸ್ಸು ಕರಗಿ ಕೇಳಿದರೂ ಕೊಡಬೇಡ!"

"ಆಯ್ತವ್ವ."

ಹಬ್ಬದ ಹಿಂದಿನ ಸಂಜೆ ತಮ್ಮಡಪ್ಪ ಬಂದ. ಇವನು ಚನ್ನಾಜಮ್ಮನ ನಾದಿನಿಯ ಗಂಡ, ಆ ಮನೆಯ ಹಳೇ ಅಳಿಯ. ಕರೆಯದಿದ್ದರೂ ಕಜ್ಜಾಯದ ವಾಸನೆಗೆ ಬರುವವನು. ಹೊಸ ಅಳಿಯ ಮಹದೇವಪ್ರಸಾದ ಬಂದಿದ್ದು ಹಬ್ಬದ ಬೆಳಗಿನ ಮೊದಲ ಬಸ್ಸಿಗೆ. ಆಗ ಚನ್ನಾಜಮ್ಮ ಬಚ್ಚಲ ಒಲೆ ಊದುತ್ತಿದ್ದಳು. ಸರ್ವಮಂಗಳ ಹಿತ್ತಿಲ ಬಾವಿಯಲ್ಲಿ ನೀರು ಸೇದುತ್ತಿದ್ದಳು. ಬಾಗಿಲಲ್ಲಿದ್ದವನು ಗುರುಮಲ್ಲ.

"ಅಳಿಯಂದಿರು ಬಂದ್ರೇನೋ?" ಒಳಗಿನಿಂದಲೇ ಕೂಗಿದಳು ಚನ್ನಾಜಮ್ಮ.

"ಬಂದ್ರು!"

"ಕರೆದು ಮಣೆ ಮೇಲೆ ಕೂರಿಸು!"

ಬಚ್ಚಲ ತುಂಬ ಹೊಗೆ. ಕಣ್ಣಲ್ಲಿ ನೀರು. ಮಣೆಯ ಮೇಲೆ ಬೆನ್ನು ಮಾಡಿ ಕೂತವರ ನೆತ್ತಿಗೆ ಚನ್ನಾಜಮ್ಮ ಎಣ್ಣೆ ಒತ್ತಿದಳು. ಜಿಪುಣತನ ಮಾಡಲಿಲ್ಲ. ತಂದ ಎಣ್ಣೆಯನ್ನೆಲ್ಲ ಸುರಿದಳು. ಸುರಿಯುತ್ತ ಸುರಿಯುತ್ತ, "ಏನಾದ್ರೂ ಕಮ್ಮಿಯಾಗಿದ್ರೆ ನಿಮ್ಮವ್ವನಿಗೆ ಹೇಳಬೇಡಿ ಸ್ವಾಮಿ, ನನ್ನ ಮಗಳನ್ನ ಚೆನ್ನಾಗಿ ನೋಡ್ಕೊಳ್ಳಿ" ಅಂದಳು.

"ನಮ್ಮವ್ವ ಸತ್ತು ಕಾಲವಾಯ್ತಲ್ಲವ್ವ," ಅಂತು ಮಣೆ. "ಆದ್ರೂ ಚನ್ನಾಜಿ, ನನ್ನ ಮೊದಲ ಹಬ್ಬದಲ್ಲೂ ಯಾರೂ ಇಷ್ಟು ಎಣ್ಣೆ ಒತ್ತಿರಲಿಲ್ಲ!"

ಚನ್ನಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನೋಡಿದಳು. ತಮ್ಮಡಪ್ಪ! ಬೋಳುತಲೆ ದೀಪದ ಹಾಗೆ ಹೊಳೆಯುತ್ತಿದೆ!

"ಮಲ್ಲಾ! ನಿನ್ನ ಭಾವ ಎಲ್ಲೋ?"

"ಕೋಣೇಲಿ ಇಟ್ಟಿದ್ದೀನಿ. ನುಸಿಗುಳಿಗೆನೂ ಹಾಕಿದ್ದೀನಿ. ಹೊಸ ಅಳಿಯ ಅಲ್ಲವೇನವ್ವ? ಹಳೇ ಅಳಿಯ ಇರುವ ತನಕ ಮುಟ್ಟಬಾರದು."

ಕೋಣೆಯೊಳಗಿಂದ ಒಂದು ಸೀನು ಕೇಳಿಸಿತು. ಸರ್ವಮಂಗಳ ಕೊಡ ಬಿಸಾಕಿ ಓಡಿಬಂದಳು. "ಕೊಡೋ ಬೀಗದ ಕೈಯ! ನನ್ನ ಗಂಡ ಕಣೋ!"

"ನೀನು ಅತ್ತರೂ ಕೊಡಬಾರದು."

"ನಾನು ಕೇಳ್ತಾ ಇದ್ದೀನಲ್ಲೋ, ನಾನು!" ಅಂದಳು ಚನ್ನಾಜಮ್ಮ.

"ನೀನು ಕೇಳಿದರೂ ಕೊಡಬಾರದು. ನಿನ್ನ ಮನಸ್ಸು ಕರಗಿದೆ."

ಒಳಗೆ ಇನ್ನೊಂದು ಸೀನು. ಚನ್ನಾಜಮ್ಮ ಒನಕೆ ಎತ್ತಿಕೊಂಡಳು. "ಅವ್ವ, ಹೊಸ ಬೀಗ!" ಅಂದ ಗುರುಮಲ್ಲ.

"ಹಾಳಾಗಿ ಹೋಗಲಿ! ಇನ್ನೊಂದು ತಂದರಾಯ್ತು!"

ಇಂಥ ಮಾತು ಅವ್ವನ ಬಾಯಲ್ಲಿ ಬಂದಿದ್ದನ್ನು ಸರ್ವಮಂಗಳ ಹುಟ್ಟಿದ ಮೇಲೆ ಕೇಳಿರಲಿಲ್ಲ. ಎರಡೇಟಿಗೆ ಬೀಗ ಬಿತ್ತು.

ಮಹದೇವಪ್ರಸಾದ ಹೊರಗೆ ಬಂದ. ಚಳಿಗೆ, ತನಗೆಂದು ತಂದಿದ್ದ ಪಂಚೆಯನ್ನು ತಾನೇ ಬಿಚ್ಚಿ ಹೊದ್ದುಕೊಂಡಿದ್ದ. ಮೈಯೆಲ್ಲ ನುಸಿಗುಳಿಗೆ ವಾಸನೆ. ಚನ್ನಾಜಮ್ಮನಿಗೆ ಒನಕೆ ಕೆಳಗಿಡಲೂ ತೋಚಲಿಲ್ಲ. "ನಿಮ್ಮವ್ವ ಕೇಳಿದರೆ..." ಅಂದಳು.

ಅಳಿಯ ಮಂಚ ನೋಡಿದ, ತೊಟ್ಟಿಲು ನೋಡಿದ, ಹೆಂಡತಿಯ ಮುಖ ನೋಡಿದ. "ಕೇಳಿದರೆ ಹೇಳ್ತೀನಿ ಅತ್ತೆ," ಅಂದ. "ಆ ಮನೇಲಿ ಬೆಲೆಬಾಳೋದನ್ನೆಲ್ಲ ಎಲ್ಲಿಡ್ತಾರೋ, ನನ್ನನ್ನೂ ಅಲ್ಲೇ ಇಟ್ಟಿದ್ರು ಅಂತ."

ಚನ್ನಾಜಮ್ಮನಿಗೆ ಹೋದ ಉಸಿರು ಬಂತು. ತುಪ್ಪದ ಡಬ್ಬಿಯ ಮುಚ್ಚಳ ತೆಗೆದಳು. ಎಣ್ಣೆಯಿಲ್ಲದಿದ್ದರೇನು, ಅಳಿಯನ ನೆತ್ತಿಗೆ ಇವತ್ತು ತುಪ್ಪವನ್ನೇ ಒತ್ತುವುದು ಅಂದುಕೊಂಡಳು. ಒಲೆಯ ಕಡೆ ತಿರುಗುತ್ತ, "ಮಲ್ಲ, ಆ ಬಾಗಿಲಿಗೆ ಒಂದು ಹೊಸ ಬೀಗ ತರಬೇಕು ಕಣೋ" ಅಂದಳು.

ಗುರುಮಲ್ಲ ಭಾವನ ರೆಟ್ಟೆ ಹಿಡಿದು ಮತ್ತೆ ಕೋಣೆಯ ಕಡೆಗೆ ನಡೆಸಿಕೊಂಡು ಹೊರಟ.

"ಬನ್ನಿ ಭಾವ, ಒಳಗೆ ಸ್ವಲ್ಪ ಒತ್ತಿ ಕೂತ್ಕೊಳ್ಳಿ. ಹೊಸ ಬೀಗ ಬೇರೆ ಬರ್ತದಂತೆ, ಅದಕ್ಕೂ ಜಾಗ ಬೇಕು."