ಜೇನುಬಂಡೆಯ ಎಡಗೈ ಶಿಲುಬೆ

ಸಕಲ ಚರಾಚರಗಳ ಸೃಷ್ಟಿಕರ್ತನೂ ದೀನಜನಬಾಂಧವನೂ ಆದ ಸರ್ವೇಶ್ವರನಿಗೆ ಕೃತಜ್ಞತಾಪೂರ್ವಕ ನಮಸ್ಕಾರಗಳನ್ನು ಅರ್ಪಿಸಿ, ಕಡಿದಾದ ಮೆಟ್ಟಿಲುಗಳನ್ನೇರಿ ಏದುಸಿರು ಬಿಡುತ್ತ ಕುಳಿತಿರುವ ಯಾತ್ರಾರ್ಥಿಗಳಿಗೆ ಈ ಪುಣ್ಯಸ್ಥಳದ ಮಹಿಮೆಯನ್ನು ಅರುಹುತ್ತೇನೆ. ಮೊದಲು ಸ್ವಲ್ಪ ನೀರು ಕುಡಿಯಿರಿ. ಕಥೆ ಎಲ್ಲಿಗೂ ಓಡಿಹೋಗುವುದಿಲ್ಲ.

ಪೂರ್ವಕಾಲದಲ್ಲಿ, ಈ ಬೆಟ್ಟಕ್ಕೆ ಮೆಟ್ಟಿಲುಗಳಾಗಲಿ ತಪ್ಪಲಿನ ಊರಿಗೆ ಹೆಂಚಿನ ಗುಡಿಯಾಗಲಿ ಇಲ್ಲದಿದ್ದ, ಗುರುಸ್ವಾಮಿಗಳು ವರ್ಷಕ್ಕೊಮ್ಮೆ ವೈಶಾಖದ ಶಿಲುಬೆ ಹಬ್ಬಕ್ಕೆ ಮಾತ್ರ ಕುದುರೆಯೇರಿ ಬರುತ್ತಿದ್ದ ದಿನಗಳಲ್ಲಿ, ಚೌರಪ್ಪನೆಂಬ ಜೇನು ಕೀಳುವ ಸಾಹಸಿಯು ಇಲ್ಲಿ ವಾಸವಾಗಿದ್ದನು. ಅವನು ಬಂಡೆಯಿಂದ ಇಳಿಸಿ ತಂದ ಜೇನುಹುಟ್ಟಿಗಳನ್ನು ಕರಗಿಸಿ ಅಂದಿನ ಹುಲ್ಲುಮಾಡಿನ ಗುಡಿಗೆ ಮೇಣದಬತ್ತಿ ಮಾಡಿಕೊಡುವುದು ಅವನ ಧರ್ಮಪತ್ನಿ ಮದಲೇನಮ್ಮನ ಕಾಯಕ. ಬಹುವರ್ಷಗಳ ಪ್ರಾರ್ಥನೆಯ ಫಲವಾಗಿ ಈ ದಂಪತಿಗಳಿಗೆ ಪುತ್ರೀರತ್ನವೊಂದು ಜನಿಸಿತು. ಸಗಾಯಿ ಎಂದು ಹೆಸರಿಟ್ಟರು. ಆ ಕೂಸಿನ ಬಲದೋಳು ಮೊಣಕೈಯಿಂದ ನಾಲ್ಕು ಬೆರಳಿನಷ್ಟು ಕೆಳಗೆ ಮುಗಿದುಹೋಗಿತ್ತು, ಅಂಗೈಯಿರಲಿಲ್ಲ.

ಚೌರಪ್ಪ ಮಗುವನ್ನು ಎತ್ತಿಕೊಂಡು ನಕ್ಕನಂತೆ. "ಇವಳು ಅತ್ತಿದ್ದು ಮೂರು ಕೇರಿಗೆ ಕೇಳಿಸ್ತು ಕಣೇ! ಇನ್ನೇನು ಬೇಕು ನಮಗೆ?" ಮದಲೇನಮ್ಮನಿಗೆ ನಗು ಬರಲಿಲ್ಲ. ತನ್ನ ಯಾವ ಪಾಪಕ್ಕೆ ಈ ಶಿಕ್ಷೆಯೋ ಎಂದು ಕೊರಗುತ್ತ, ನಾಲ್ಕು ಜನರ ಮುಂದೆ ಹೋಗುವಾಗಲೆಲ್ಲ ಮಗುವಿನ ಆ ತೋಳನ್ನು ಸೆರಗಿನಲ್ಲಿ ಮುಚ್ಚತೊಡಗಿದಳು.

ದೇಹದ ಯಾವ ಅಂಗಕ್ಕೆ ಬಾಧೆಯಾಗಿದೆಯೋ ಆ ಅಂಗವನ್ನು ಮೇಣದಲ್ಲಿ ಮಾಡಿ ಬಂಡೆಯ ಮೇಲಿನ ಮರದ ಶಿಲುಬೆಯ ಪಾದಕ್ಕೆ ಹರಕೆ ಒಪ್ಪಿಸುವುದು ಅಂದಿನ ಪದ್ಧತಿ. ಮದಲೇನಮ್ಮನೂ ಪ್ರತಿವರ್ಷ ಹಬ್ಬದ ಹಿಂದಿನ ದಿನ ಒಂದು ಮೇಣದ ಬಲಗೈಯನ್ನು ಮಾಡಿ ಒಪ್ಪಿಸುತ್ತಿದ್ದಳು. ಮಗು ಬೆಳೆದಂತೆ ಮೇಣದ ಕೈಯೂ ಬೆಳೆಯಬೇಕಲ್ಲ? ಅದಕ್ಕಾಗಿ ಸಗಾಯಿಯನ್ನು ಎದುರಿಗೆ ಕೂರಿಸಿಕೊಂಡು, ಅವಳ ಎಡಗೈಯನ್ನು ಅಳತೆಗೆ ಹಿಡಿದು, ಬೆರಳಿಗೆ ಬೆರಳು ಹೋಲಿಸಿ ತಿದ್ದುತ್ತಿದ್ದಳು. ಹುಡುಗಿ ಅಲುಗಾಡದೆ ಕೈ ಚಾಚಿ ಕೂರುತ್ತಿದ್ದಳು.

ಇನ್ನು ಉಪದೇಶಿ ಇನ್ನಾಸಪ್ಪನವರ ವಿಚಾರ. ಗುರುಗಳಿಲ್ಲದ ಕಾಲದಲ್ಲಿ ಮಕ್ಕಳಿಗೆ ಜಪತಪ ಕಲಿಸುತ್ತಿದ್ದ ಈ ಮಹನೀಯರು ನನ್ನ ಮುತ್ತಜ್ಜನ ಅಜ್ಜ. ಆದ್ದರಿಂದ ಅವರ ತಪ್ಪನ್ನು ಹೇಳಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ. ಎಂಟು ತುಂಬಿದ ಸಗಾಯಿ, ಗುರುಗಳು ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು ಮೊದಲ ಬಾರಿ ಸ್ವೀಕರಿಸುವ ಪ್ರಥಮ ಪರಮಪ್ರಸಾದದ ಪಾಠಗಳನ್ನೆಲ್ಲ ಬಾಯಿಪಾಠ ಮಾಡಿ, "ಪಿತನ, ಸುತನ, ಪವಿತ್ರಾತ್ಮರ" ಎನ್ನುತ್ತ ಎಡಗೈಯಿಂದ ಶಿಲುಬೆಯ ಗುರುತು ಹಾಕಿದಾಗ ಅವರು ಕೆಂಡವಾದರು. "ಎಡಗೈಯಲ್ಲಿ ಹಾಕೋದು ಅಪಚಾರ. ಈ ಹಬ್ಬಕ್ಕೆ ಇವಳಿಗೆ ಪರಮಪ್ರಸಾದ ಇಲ್ಲ ಕಣಮ್ಮ, ಗುರುಗಳಿಗೂ ನಾನೇ ಹೇಳ್ತೀನಿ" ಎಂದು ತಾಯಿಗೆ ಖಡಾಖಂಡಿತವಾಗಿ ಹೇಳಿಬಿಟ್ಟರು.

ಮದಲೇನಮ್ಮ ಕಣ್ಣೀರಿಡುತ್ತ ಎಂಟನೆಯ ಕೈ ಮಾಡಲು ಕುಳಿತಳು. ಎಂದಿನಂತೆ ಕೈ ಚಾಚಿದ ಸಗಾಯಿ ಕೇಳಿದಳು: "ಅವ್ವಾ, ನನ್ನ ಎಡಗೈಗೆ ಏನಾಗಿದೆ?"

"ಅದಕ್ಕೇನೂ ಆಗಿಲ್ಲ ಮಗಾ."

"ಮತ್ಯಾಕೆ ಉಪದೇಶಿಗಳು ಬೇಡ ಅಂತಾರೆ?"

ತಾಯಿ ಆ ಎಡಗೈಯನ್ನು ಹತ್ತಿರಕ್ಕೆಳೆದುಕೊಂಡು ಮೇಣದ ಬೆರಳುಗಳನ್ನು ತಿದ್ದತೊಡಗಿದಳು.

ಮರುದಿನ, ಅಂದರೆ ಹಬ್ಬದ ಹಿಂದಿನ ದಿನ ಮಧ್ಯಾಹ್ನ, ತಾಯಿಮಗಳು ಬೆಟ್ಟವನ್ನೇರಿದರು. ಶಿಲುಬೆಯ ಸುತ್ತ ಕಸ ಗುಡಿಸಲೆಂದು ಇನ್ನಾಸಪ್ಪನವರೂ ಪೊರಕೆ ಹಿಡಿದು ಬಂದಿದ್ದರು. ಮದಲೇನಮ್ಮ ಕಾದ ಬಂಡೆಯ ಮೇಲೆ ಹರಕೆಯನ್ನಿಟ್ಟು ಮಂಡಿಯೂರಿದಳೋ ಇಲ್ಲವೋ, ವೈಶಾಖದ ಪ್ರಚಂಡ ತಾಪಕ್ಕೆ ಮೇಣದ ಬೆರಳುಗಳು ಒಂದೊಂದಾಗಿ ಬಾಗಿ ಕಲ್ಲಿಗೆ ಅಂಟಿಕೊಂಡವು. "ಅಯ್ಯೋ, ಇದನ್ನೂ ಒಲ್ಲೆಯಾ ತಂದೆ! ನಾಳೆ ನನ್ನ ಕೂಸು ಬರಿಬಾಯಲ್ಲಿ ನಿಲ್ಲಬೇಕಾ?" ಎಂದು ಆಕೆ ಬಂಡೆಗೆ ಹಣೆ ಚಚ್ಚಿಕೊಂಡು ಗೋಳಿಟ್ಟಳು. ಆ ಆರ್ತನಾದಕ್ಕೆ ಮೇಲೆ ಚಾಚಿದ ಕಲ್ಲಿಗೆ ಕಟ್ಟಿದ್ದ ಹೆಜ್ಜೇನು ಎದ್ದುಬಿಟ್ಟಿತು.

ಹೆಜ್ಜೇನು ಎದ್ದರೆ ಎತ್ತಿನಂಥ ಎತ್ತೂ ಉಳಿಯುವುದಿಲ್ಲವೆಂಬುದನ್ನು ಜೇನು ಕೀಳುವವನ ಮಗಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಉಪದೇಶಿಗಳು ಪೊರಕೆ ಬಿಸಾಕಿ, ಪಂಚೆಯನ್ನು ತಲೆಗೆ ಸುತ್ತಿಕೊಂಡು ಬೋರಲು ಬಿದ್ದರು. ಸಗಾಯಿ ಮಾತ್ರ ಓಡಲಿಲ್ಲ. ಬಿದ್ದಿದ್ದ ತಾಯಿಗೆ ಅಡ್ಡವಾಗಿ ನಿಂತು, ಎಡಗೈಯನ್ನೆತ್ತಿ, "ಪಿತನ, ಸುತನ, ಪವಿತ್ರಾತ್ಮರ" ಎಂದು ಗಟ್ಟಿಯಾಗಿ ಹೇಳುತ್ತ ಶಿಲುಬೆಯ ಗುರುತು ಹಾಕಿದಳು.

ಏನೆಂದು ವರ್ಣಿಸಲಿ! ಭೋರ್ಗರೆಯುತ್ತಿದ್ದ ಆ ಸಹಸ್ರಸಹಸ್ರ ಮಧುಮಕ್ಷಿಕೆಗಳು ಒಮ್ಮೆಲೇ ನಿಶ್ಶಬ್ದವಾಗಿ ಇಳಿದುಬಂದು, ಬಾಲೆಯ ಗಿಡ್ಡ ಬಲದೋಳಿನ ತುದಿಗೆ ಕೊಂಬೆಗೆ ಕಟ್ಟಿದಂತೆ ಜೋತುಬಿದ್ದವು. ಒಂದೂ ಅವಳನ್ನು ಕಚ್ಚಲಿಲ್ಲ. "ಅವ್ವಾ, ಬೆಚ್ಚಗಿದೆ" ಎಂದಳಂತೆ ಮಗು. ಆಗ ಶಿಲುಬೆಯ ಕಡೆಯಿಂದ ಗಂಭೀರಮಧುರವಾದ ದಿವ್ಯವಾಣಿಯು ಹೊಮ್ಮಿತು:

"ಎಲೌ ತಾಯೇ, ನೀನು ವರ್ಷವರ್ಷವೂ ಮೇಣದ ಕೈಯನ್ನು ನನ್ನ ಪಾದದಲ್ಲಿರಿಸಿದೆ, ನಾನು ನಿನ್ನ ಮಡಿಲಲ್ಲಿರಿಸಿದ ಮಗಳು ಅದಕ್ಕೆ ಅಳತೆ ಕೊಡುತ್ತ ಕುಳಿತಿದ್ದಳು. ಇವಳ ಹುಟ್ಟು ಶಿಕ್ಷೆಯಲ್ಲ. ಇವಳನ್ನು ನಾನು ಅರ್ಧಕ್ಕೆ ನಿಲ್ಲಿಸಿದವನಲ್ಲ. ಇವಳು ಹಾಕಿದ ಗುರುತನ್ನು ಸ್ವೀಕರಿಸಿದ್ದೇನೆ."

ಜೇನುನೊಣಗಳು ಮೇಲೆದ್ದು ತಮ್ಮ ಗೂಡಿಗೆ ಮರಳಿದವು. ಮದಲೇನಮ್ಮ ಮಗಳನ್ನು ಬಾಚಿ ತಬ್ಬಿಕೊಂಡು, ಎಂಟು ವರ್ಷ ಸೆರಗಿನಲ್ಲಿ ಮುಚ್ಚಿದ್ದ ಆ ತೋಳಿನ ತುದಿಗೆ ಮೊಟ್ಟಮೊದಲ ಬಾರಿಗೆ ಮುತ್ತಿಟ್ಟಳು. "ಕೊಟ್ಟಿದ್ದೆಯಲ್ಲಪ್ಪಾ ಸರ್ವೇಶ್ವರಾ, ಆವತ್ತೇ ಕೊಟ್ಟಿದ್ದೆಯಲ್ಲಪ್ಪಾ!" ಎಂದು ಅತ್ತಳು, ನಕ್ಕಳು. ಉಪದೇಶಿಗಳ ಬೆನ್ನಿನಲ್ಲಿ ಮಾತ್ರ ಮೂರು ಜೇನುಮುಳ್ಳುಗಳಿದ್ದವು. ಈ ಸಂಗತಿಯನ್ನು ನಮ್ಮ ಮನೆಯವರು ಎಂದೂ ಮುಚ್ಚಿಟ್ಟಿಲ್ಲ.

ಸಂಜೆಗೆ ಕುದುರೆಯಿಳಿದ ಗುರುಸ್ವಾಮಿಗಳ ಮುಂದೆ ಇನ್ನಾಸಪ್ಪನವರೇ ಎಲ್ಲವನ್ನೂ ಅರಿಕೆಮಾಡಿಕೊಂಡು ತಲೆತಗ್ಗಿಸಿದರು. ಗುರುಗಳು "ಎಡಗೈಯನ್ನು ಮಾಡಿದವನು ಬೇರೆ ಯಾರಾದರೂ ಇದ್ದಾನೇನ್ರೀ ಉಪದೇಶಿಗಳೇ?" ಎಂದಷ್ಟೇ ಕೇಳಿದರು. ಮರುದಿನದ ಬಲಿಪೂಜೆಯಲ್ಲಿ ಪರಮಪ್ರಸಾದವನ್ನು ಎಲ್ಲರಿಗಿಂತ ಮೊದಲು ಸ್ವೀಕರಿಸಿದವಳು ಸಗಾಯಿ. ಚೌರಪ್ಪ ಊರಿಗೆಲ್ಲ ಜೇನು ಹಂಚಿದನು.

ಅಂದು ಕರಗಿದ ಮೇಣದ ಕಲೆಯೆಂದು ಹಿರಿಯರು ತೋರಿಸುವ ಹಳದಿ ಪಟ್ಟೆ ಈಗಲೂ ಶಿಲುಬೆಯ ಬುಡದಲ್ಲಿದೆ. ಮೇಲೆ ನೋಡಿದರೆ ಹೆಜ್ಜೇನೂ ಇದೆ, ದಯವಿಟ್ಟು ಕಿರುಚಬೇಡಿ. ಇಲ್ಲಿ ಮೇಣದ ಅಂಗಗಳ ಹರಕೆಯನ್ನು ಸ್ವೀಕರಿಸುವುದಿಲ್ಲ. ಕೃತಜ್ಞತೆಯ ಬತ್ತಿಯೊಂದನ್ನು ಹಚ್ಚಿದರೆ ಸಾಕು. ಹಬ್ಬದ ದಿನ ತಾಯಂದಿರು ತಮ್ಮ ಮಕ್ಕಳನ್ನು, ಅವರು ಹೇಗೆ ಹುಟ್ಟಿದ್ದಾರೋ ಹಾಗೆಯೇ, ಬಟ್ಟೆ ಮುಚ್ಚದೆ ಎತ್ತಿ ತೋರಿಸುತ್ತಾರೆ. ನೆರೆದ ಭಕ್ತರೆಲ್ಲರೂ ಎಡಗೈಯಿಂದಲೇ ಶಿಲುಬೆಯ ಗುರುತು ಹಾಕುತ್ತಾರೆ.

ಇನ್ನಾಸಪ್ಪನವರ ವಂಶದವನಾದ ನಾನೂ ಇಂದು ಇದೇ ಊರಿನ ಉಪದೇಶಿ. ಮಕ್ಕಳಿಗೆ ಶಿಲುಬೆಯ ಗುರುತು ಕಲಿಸುವಾಗ, ಯಾವ ಕೈ ಎಂದು ನಾನು ಹೇಳುವುದಿಲ್ಲ.