ಹಲ್ಲಿ ಲೊಚಗುಟ್ಟುವ ಮೊದಲು

ಸೈಕಲ್ ಅಂಗಡಿಯ ಹಲ್ಲಿ ಲೊಚಗುಟ್ಟಿತೆಂದರೆ ಆಡಿದ ಮಾತು ಸತ್ಯವೆಂದು ಅಲ್ಲಿ ಎಲ್ಲರೂ ನಂಬುತ್ತಿದ್ದರು. ಒಂದು ದಿನ ರಿಪೇರಿಗೆಂದು ತಲೆಕೆಳಗಾಗಿ ನಿಲ್ಲಿಸಿದ್ದ ಹಳೇ ರೇಸ್ ಸೈಕಲ್ಲು, "ಹಲ್ಲಿಯಕ್ಕಾ, ನಾನು ಯಾವ ಮಾಡೆಲ್ಲು? ನನಗೆ ವಯಸ್ಸೆಷ್ಟು?" ಎಂದು ಕೇಳಿತು.

"ಐದೇ ವರ್ಷ," ಎಂದಿತು ಆಮೇಲೆ ಬಳಿದಿದ್ದ ಮಿರುಗುವ ಬಣ್ಣ.

"ಎಪ್ಪತ್ತು! ಬೇಗ ಲೊಚಗುಟ್ಟಕ್ಕಾ," ಎಂದಿತು ಬೇರೆ ಸೈಕಲ್ಲಿನಿಂದ ಕಿತ್ತು ಹಾಕಿದ್ದ ಹರಕು ಸೀಟು.

ಹಲ್ಲಿಗೆ ಕುತೂಹಲ ತಡೆಯಲಾಗಲಿಲ್ಲ. ಬಾಯಿಗೆ ಬಂದ ಲೊಚ್ ಸದ್ದನ್ನು ನುಂಗಿಕೊಂಡು, ಸರಸರನೆ ಪೆಡಲು ಸೇರುವ ಚೌಕಟ್ಟಿನ ಬುಡಕ್ಕೆ ಹರಿದು, ಅಲ್ಲಿ ಗಟ್ಟಿಯಾಗಿದ್ದ ಗ್ರೀಸನ್ನು ಕೆರೆಯಿತು. ಕಬ್ಬಿಣದಲ್ಲಿ ಕೊರೆದ ಅಕ್ಷರಗಳು ಹೊರಬಿದ್ದವು. ಮಾಡೆಲ್ಲಿನ ಹೆಸರಿತ್ತು, ಐವತ್ತೆರಡು ವರ್ಷದ ಹಿಂದಿನ ಇಸವಿಯೂ ಇತ್ತು.

"ಅವರಿಬ್ಬರೂ ಸುಳ್ಳು ಹೇಳುವಾಗ ಸುಮ್ಮನಿದ್ದಿರಲ್ಲ?" ಎಂದು ಹಲ್ಲಿ ಅಕ್ಷರಗಳನ್ನು ಗದರಿತು.

"ಸುಳ್ಳೆಲ್ಲಿ ಬಂತು? ಸೈಕಲ್ಲಿನ ವಯಸ್ಸು ಕೇಳಿದರೆ ಅವರವರ ವಯಸ್ಸು ಹೇಳಿಕೊಂಡರು, ಅಷ್ಟೆ," ಎಂದವು ಅಕ್ಷರಗಳು.

ಹಲ್ಲಿ ಆಗ ಲೊಚಗುಟ್ಟಿತು.